ಯೋನಾತಾನನ ಸಲುವಾಗಿ

2009ರ ಒಂದು ಸಂಜೆ, ಪುಣೆಯ ಹಿಂಜವಡಿಯಲ್ಲಿ ನಮ್ಮ ಆಫೀಸಿನ ಕ್ಯಾಂಟೀನು. ಎದುರಿಗೆ ಕೂತ ಗೆಳೆಯ ಜೀವವಿಮೆಯ ಫಾರ್ಮು ತುಂಬುತ್ತಿದ್ದ. ಮಗ ಹುಟ್ಟಿ ಮೂರು ತಿಂಗಳಾಗಿತ್ತು. ಅಲ್ಲಿಯವರೆಗೆ ವಿಮೆಯೆಂದರೆ ತೆರಿಗೆ ಉಳಿಸುವ ಉಪಾಯ ಅಂದುಕೊಂಡಿದ್ದವನು ನಾಮಿನಿ ಎಂಬ ಕಾಲಮ್ಮಿನ ಮುಂದೆ ತುಸು ಹೊತ್ತು ಸುಮ್ಮನಾದ. ಆಮೇಲೆ ಹೆಂಡತಿಯ ಹೆಸರು ಬರೆದು ಫಾರ್ಮನ್ನು ನನ್ನ ಕಡೆ ತಳ್ಳಿದ. ಸಾಕ್ಷಿಯ ಸಹಿ ಬೇಕಿತ್ತು.

"ಲೇ, ಸಹಿ ಹಾಕೋದಂದ್ರ ಸುಮ್ನ ಅಲ್ಲ ಮತ್ತ. ನಾಳೆ ನನಗೇನರ ಆತಂದ್ರ ನಮ್ಮ ಮನಿ ಕಡೆ ನೋಡಾಂವ ನೀನ."

"ಆತು ತಗೋ, ಮೊದಲ ಚಹಾದ ರೊಕ್ಕ ಕೊಡು," ಅಂದೆ. ಇಬ್ಬರೂ ನಕ್ಕೆವು. ನಾನು ಸಹಿ ಹಾಕಿದೆ.

ಅವನು ಧಾರವಾಡದವನು, ನಾನು ಗದಗಿನವನು. ಎಂ.ಟೆಕ್ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ರೂಮು, ಆಮೇಲೆ ಪುಣೆಯಲ್ಲಿ ಒಂದೇ ಬಸ್ಸು. 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ ಅವನು ಹೋದ. ವಿಮೆಯ ಕಾಗದಪತ್ರಗಳಿಗೆಲ್ಲ ನಾನೇ ಓಡಾಡಿದೆ. ಹಣ ಬಂದ ದಿನ, ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಟಿಕೆಟ್ ಕ್ಲೋಸ್ ಆಯಿತು ಅಂದುಕೊಂಡೆ. ವೈನಿ ಮನೆ ಖಾಲಿ ಮಾಡಿ ಮಗನೊಂದಿಗೆ ಧಾರವಾಡಕ್ಕೆ ಹೊರಟಾಗ ಒಂದು ಡಬ್ಬಿ ಪುಸ್ತಕ ನನಗೆ ಕೊಟ್ಟರು. "ನೀವು ಓದವ್ರಿದ್ದೀರಿ ಅಣ್ಣಾರ, ಇಟ್ಕೋರಿ," ಅಂದರು. ಅದರಲ್ಲಿ ಅವನ ತಂದೆಯ ಕಾಲದ, ಕಪ್ಪು ರಟ್ಟಿನ ಕನ್ನಡ ಸತ್ಯವೇದ ಇತ್ತು. ಅವರದು ಕ್ರೈಸ್ತ ಮನೆತನ. ನಾನು ಕ್ರೈಸ್ತನಲ್ಲ. ಮೂರು ವರ್ಷ ಆ ಡಬ್ಬಿ ಅಟ್ಟದ ಮೇಲೇ ಇತ್ತು.

ಕಳೆದ ವರ್ಷ ಅದನ್ನು ಇಳಿಸಿ ಓದತೊಡಗಿದೆ. ಬೈಬಲ್ ಗೆಳೆತನದ ಬಗ್ಗೆ ಏನು ಹೇಳುತ್ತದೆ ಎಂಬ ಕುತೂಹಲ ಇತ್ತು. ಶುಭಾಶಯ ಪತ್ರದ ಮೇಲೆ ಅಚ್ಚು ಹಾಕುವಂಥ ನಾಲ್ಕು ಒಳ್ಳೆಯ ಮಾತು ಸಿಗಬಹುದು ಎಂದುಕೊಂಡಿದ್ದೆ. ಅವು ಸಿಕ್ಕವು, ನಿಜ. ಜ್ಞಾನೋಕ್ತಿಗಳ ಪುಸ್ತಕದಲ್ಲಿ ಗೆಳೆಯ ಕೊಡುವ ಪೆಟ್ಟು ಶತ್ರುವಿನ ಮುತ್ತಿಗಿಂತ ಲೇಸು ಎಂಬರ್ಥದ ಮಾತಿದೆ. ಅದೇ 27ನೇ ಅಧ್ಯಾಯದಲ್ಲಿ ಇನ್ನೊಂದು ಸಲಹೆ: ನಿನ್ನ ಗೆಳೆಯನನ್ನೂ ನಿನ್ನ ತಂದೆಯ ಗೆಳೆಯನನ್ನೂ ಕೈಬಿಡಬೇಡ, ದೂರದ ಅಣ್ಣತಮ್ಮನಿಗಿಂತ ಹತ್ತಿರದ ನೆರೆಯವನೇ ವಾಸಿ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಬ್ರೂವಿನಲ್ಲಿ 'ರೇಯ' ಎಂಬ ಒಂದೇ ಪದ ಗೆಳೆಯನಿಗೂ ನೆರೆಯವನಿಗೂ ಸಲ್ಲುತ್ತದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಯಾಜಕಕಾಂಡದ ಪ್ರಸಿದ್ಧ ಆಜ್ಞೆಯಲ್ಲಿರುವುದೂ ಇದೇ ಪದ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೂಕ್ತಿಗಳಲ್ಲ. ಸಮುವೇಲನ ಎರಡು ಗ್ರಂಥಗಳಲ್ಲಿ ಹರಡಿಕೊಂಡಿರುವ ದಾವೀದ ಮತ್ತು ಯೋನಾತಾನರ ಕಥೆ.

ಮೊದಲು ಇತಿಹಾಸದ ಲೆಕ್ಕ. ಕಥೆ ನಡೆಯುವುದು ಸುಮಾರು ಕ್ರಿ.ಪೂ. 1000ದ ಆಸುಪಾಸಿನಲ್ಲಿ. ಇಸ್ರಾಯೇಲಿನ ಗುಡ್ಡಗಾಡಿನ ಕುಲಗಳು ಆಗಷ್ಟೇ ಸೌಲನೆಂಬ ಮೊದಲ ಅರಸನನ್ನು ಮಾಡಿಕೊಂಡಿದ್ದವು. ಕರಾವಳಿಯ ಫಿಲಿಷ್ಟಿಯರೊಂದಿಗೆ ನಿರಂತರ ಯುದ್ಧ. ಬೈಬಲಿನ ಆಚೆ ದಾವೀದನ ಹೆಸರು ಮೊದಲು ಸಿಕ್ಕಿದ್ದು 1993ರಲ್ಲಿ, ಉತ್ತರ ಇಸ್ರೇಲಿನ ತೇಲ್ ದಾನ್ ಎಂಬಲ್ಲಿ. ಕ್ರಿ.ಪೂ. 9ನೇ ಶತಮಾನದ ಅರಮೇಯಿಕ್ ಶಾಸನದ ಒಡೆದ ಕಲ್ಲು ಅದು. ಅದರಲ್ಲಿರುವುದು 'ದಾವೀದನ ಮನೆತನ' ಎಂದೇ ಹೆಚ್ಚಿನ ವಿದ್ವಾಂಸರು ಓದುತ್ತಾರೆ. ಯೋನಾತಾನನಿಗೆ ಅಂಥ ಕಲ್ಲೂ ಇಲ್ಲ. ಅವನು ಉಳಿದಿರುವುದು ಕಥೆಯಲ್ಲಿ ಮಾತ್ರ. ಆ ಕಥೆಗಳು ಹಳೆಯವಾದರೂ ಗ್ರಂಥಕ್ಕೆ ಈಗಿನ ರೂಪ ಬಂದದ್ದು ಕ್ರಿ.ಪೂ. 6ನೇ ಶತಮಾನದ ಸುಮಾರಿಗೆ, ಬಾಬಿಲೋನಿನವರು ಯೆರೂಸಲೇಮನ್ನು ಕೆಡವಿದ ಕಾಲದಲ್ಲಿ, ಎಂಬುದು ಸಾಮಾನ್ಯ ಅಭಿಪ್ರಾಯ. ಹಾಗಾಗಿ ಇದು ವರದಿಯಲ್ಲ; ತಲೆಮಾರುಗಳು ಕಾಪಾಡಿಕೊಂಡು ಬಂದ ನೆನಪು. ಒಂದು ಜನ ಗೆಳೆತನ ಎಂದರೆ ಏನು ಎಂದು ತಿಳಿದಿತ್ತು ಎಂಬುದಕ್ಕೆ ಇದು ದಾಖಲೆ.

ಕಥೆಯ ಆರಂಭ ಎಲ್ಲರಿಗೂ ಗೊತ್ತು. ಕುರಿ ಕಾಯುವ ಹುಡುಗ ದಾವೀದ ಗೊಲ್ಯಾತನನ್ನು ಕೊಂದು ಅರಮನೆಗೆ ಬರುತ್ತಾನೆ. ಸೌಲನ ಹಿರಿಮಗ ಯೋನಾತಾನ ಅವನನ್ನು ಪ್ರಾಣದಂತೆ ಪ್ರೀತಿಸಿ, ಅವನೊಂದಿಗೆ ಒಡಂಬಡಿಕೆ ಮಾಡಿಕೊಂಡು, ತನ್ನ ನಿಲುವಂಗಿ, ಕತ್ತಿ, ಬಿಲ್ಲು, ನಡುಕಟ್ಟು ಎಲ್ಲವನ್ನೂ ಬಿಚ್ಚಿ ಕೊಡುತ್ತಾನೆ. ಯುವರಾಜ ಮೈಮೇಲಿನ ಗುರುತುಗಳನ್ನು ಬಿಚ್ಚಿ ಕುರುಬನಿಗೆ ತೊಡಿಸುವುದೆಂದರೆ ಅದು ಬರೀ ಉಡುಗೊರೆಯಲ್ಲ. ಸೋಜಿಗವೆಂದರೆ 4ನೇ ಶತಮಾನದ ವ್ಯಾಟಿಕನ್ ಹಸ್ತಪ್ರತಿ ಎಂಬ ಗ್ರೀಕ್ ಬೈಬಲಿನಲ್ಲಿ ಈ ದೃಶ್ಯ ಇಲ್ಲವೇ ಇಲ್ಲ. ಇದು ಬೇರೆ ಮೂಲದಿಂದ ಬಂದು ಸೇರಿತೇ ಎಂಬ ಚರ್ಚೆ ಇದೆ. ಆದರೆ ಮುಂದಿನ 20ನೇ ಅಧ್ಯಾಯದ ಒಡಂಬಡಿಕೆ ಅಲ್ಲಿಯೂ ಇದೆ. ಅಂಗಿ ಕೊಟ್ಟ ಚಿತ್ರ ಬಿಟ್ಟುಹೋದರೂ ಕೊಟ್ಟ ಮಾತು ಉಳಿದಿದೆ.

ಇಲ್ಲಿನ 'ಪ್ರೀತಿ' ಎಂಬ ಪದದ ಬಗ್ಗೆ ಒಂದು ಮಾತು. 1955ರಲ್ಲಿ ಇರಾಕಿನ ನಿಮ್ರೂದಿನಲ್ಲಿ ಅಸ್ಸೀರಿಯಾದ ದೊರೆ ಎಸರ್ಹದ್ದೋನನ ಕಾಲದ ಮಣ್ಣಿನ ಫಲಕಗಳು ಸಿಕ್ಕವು. ಕ್ರಿ.ಪೂ. 672ರಲ್ಲಿ ಅವನು ತನ್ನ ಸಾಮಂತರಿಂದ ಬರೆಸಿಕೊಂಡ ಒಪ್ಪಂದ ಅದು. ಉತ್ತರಾಧಿಕಾರಿ ಅಶುರ್ಬನಿಪಾಲನನ್ನು ತಮ್ಮನ್ನು ತಾವು ಪ್ರೀತಿಸಿದಂತೆ ಪ್ರೀತಿಸಬೇಕು ಎಂಬುದು ಅದರ ಷರತ್ತುಗಳಲ್ಲೊಂದು. ಪ್ರೀತಿಯೂ ಒಂದು ಕರಾರು! ಆ ಕಾಲದ ರಾಜಕೀಯದಲ್ಲಿ ಪ್ರೀತಿ ಎಂದರೆ ನಿಷ್ಠೆ ಎಂದೂ ಅರ್ಥ ಎಂಬುದನ್ನು 1963ರಲ್ಲಿ ವಿಲಿಯಂ ಮೊರಾನ್ ಎಂಬ ವಿದ್ವಾಂಸ ಇಂಥ ಫಲಕಗಳನ್ನೂ ಬೈಬಲನ್ನೂ ಎದುರು ಬದುರು ಇಟ್ಟು ತೋರಿಸಿದ. ಹಾಗಾದರೆ ಯೋನಾತಾನನದು ಮನಸ್ಸಿನ ಪ್ರೀತಿಯೋ, ರಾಜಕೀಯದ ನಿಷ್ಠೆಯೋ? ಎರಡನ್ನೂ ಬೇರ್ಪಡಿಸುವುದು ನಮ್ಮ ಕಾಲದ ಅಭ್ಯಾಸ ಅನ್ನಿಸುತ್ತದೆ. ಆ ಕಥೆ ಹೇಳಿದವರಿಗೆ ಪ್ರೀತಿಗೂ ಸಾಕ್ಷಿ ಬೇಕಿತ್ತು, ಆಣೆ ಬೇಕಿತ್ತು.

ಹೀಬ್ರೂವಿನ 'ಬೆರೀತ್' ಎಂಬ ಪದಕ್ಕೆ ಕನ್ನಡ ಬೈಬಲಿನಲ್ಲಿ 'ಒಡಂಬಡಿಕೆ' ಎಂದಿದೆ. 19ನೇ ಶತಮಾನದ ಆರಂಭದ ದಶಕಗಳಲ್ಲಿ ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಆರಂಭಿಸಿದ ಅನುವಾದದ ಕೆಲಸ ಹಲವು ಕೈಗಳಲ್ಲಿ ತಿದ್ದಿಕೊಂಡು ನಮ್ಮವರೆಗೆ ಬಂದಿದೆ. 'ಹಳೆಯ ಒಡಂಬಡಿಕೆ', 'ಹೊಸ ಒಡಂಬಡಿಕೆ' ಎಂದು ಬೈಬಲಿನ ಎರಡು ಭಾಗಗಳ ಹೆಸರಿನಲ್ಲೂ ಇರುವುದು ಅದೇ ಪದ. ದೇವರು ಒಂದು ಜನಾಂಗದ ಜೊತೆ ಮಾಡಿಕೊಳ್ಳುವುದಕ್ಕೂ ಇಬ್ಬರು ಹುಡುಗರು ಹೊಲದಲ್ಲಿ ನಿಂತು ಮಾಡಿಕೊಳ್ಳುವುದಕ್ಕೂ ಒಂದೇ ಹೆಸರು. ದಿನಾ ಕಾಂಟ್ರಾಕ್ಟುಗಳ ಮಧ್ಯೆಯೇ ಬದುಕುವ ನನಗೆ 'ಒಪ್ಪಂದ' ಎಂಬುದು ಗೊತ್ತು: ಅವಧಿ ಇರುತ್ತದೆ, ಹೊರಬರುವ ದಾರಿಯೂ ಇರುತ್ತದೆ. ಒಡಂಬಡಿಕೆ ಎಂದಾಗ ಮಾತ್ರ ಒಡನೆ, ಒಡನಾಡಿ ಎಂಬ ಪದಗಳ ನೆಂಟಸ್ತಿಕೆ ಕಿವಿಗೆ ಬೀಳುತ್ತದೆ.

20ನೇ ಅಧ್ಯಾಯಕ್ಕೆ ಬರೋಣ. ಸೌಲನಿಗೆ ದಾವೀದನ ಮೇಲೆ ಹೊಟ್ಟೆಕಿಚ್ಚು ಹತ್ತಿ, ಅದು ಕೊಲ್ಲುವ ಮಟ್ಟಕ್ಕೆ ಹೋಗಿದೆ. ತಂದೆಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿದು ಹೇಳುತ್ತೇನೆ ಎಂದು ಯೋನಾತಾನ ಮಾತು ಕೊಡುತ್ತಾನೆ. ದಾವೀದ ಹೊಲದಲ್ಲಿ ಅಡಗಿರಬೇಕು. ಯೋನಾತಾನ ಗುರಿ ಹೊಡೆಯುವವನಂತೆ ಮೂರು ಬಾಣ ಬಿಡುತ್ತಾನೆ. ಬಾಣ ಈಚೆಗಿವೆ ಎಂದು ಆಳುಹುಡುಗನಿಗೆ ಕೂಗಿದರೆ ಅಪಾಯವಿಲ್ಲ, ಆಚೆಗಿವೆ ಎಂದರೆ ಓಡಬೇಕು. ಅಮಾವಾಸ್ಯೆ ಕಳೆದ ಹೊಸ ಚಂದ್ರನ ಹಬ್ಬದೂಟದಲ್ಲಿ ಮಗ ಗೆಳೆಯನ ಪರ ಮಾತಾಡಿದಾಗ ಸೌಲ ರೇಗಿ, ಅವನು ಬದುಕಿರುವ ತನಕ ನಿನಗೆ ರಾಜ್ಯವಿಲ್ಲ ಎಂದು ಕೂಗಾಡಿ, ಮಗನ ಮೇಲೆಯೇ ಈಟಿ ಎಸೆಯುತ್ತಾನೆ. ಮರುದಿನ ಬಾಣ ಆಚೆಗೆ ಬೀಳುತ್ತದೆ.

ಈ ಬಾಣದ ಪ್ರಸಂಗವನ್ನು ನಾನು ಹಿಂದೆಯೂ ಕೇಳಿದ್ದೆ. ಕೇಳಿರದಿದ್ದದ್ದು ಅದರ ನಡುವೆ ಯೋನಾತಾನ ಕೇಳಿಕೊಳ್ಳುವ ಒಂದು ಮಾತು. ನಾನು ಬದುಕಿದ್ದರೆ ನನಗೆ 'ಹೆಸೆದ್' ತೋರಿಸು. ನಿನ್ನ ವೈರಿಗಳೆಲ್ಲ ಇಲ್ಲವಾದ ಮೇಲೂ ನನ್ನ ಮನೆತನದ ಮೇಲಿನ ನಿನ್ನ ಹೆಸೆದ್ ಕಡಿಯಬೇಡ ಎಂಬುದು ಆ ಕೋರಿಕೆ. ಹೆಸೆದ್ ಎಂಬುದಕ್ಕೆ ದಯೆ, ಕೃಪೆ ಎನ್ನುವುದುಂಟು. ಬರೀ ದಯೆ ಅಲ್ಲ, ಸಂಬಂಧವೊಂದಿದೆ ಎಂಬ ಕಾರಣಕ್ಕೆ ಕೊನೆತನಕ ನಡೆಸಿಕೊಡುವ ಋಣದಂಥ ದಯೆ. ಯೋನಾತಾನ ಯಾಕೆ ಇದನ್ನು ಕೇಳಿದ? ಹೊಸ ಅರಸ ಪಟ್ಟಕ್ಕೆ ಬಂದರೆ ಹಳೆಯ ಮನೆತನದ ಗಂಡುಮಕ್ಕಳನ್ನು ಉಳಿಸುತ್ತಿರಲಿಲ್ಲ. ಮುಂದೆ ಅರಸುಗಳ ಗ್ರಂಥದಲ್ಲಿ ಬಾಷ ಎಂಬವನು ಯಾರೊಬ್ಬಾಮನ ಮನೆತನವನ್ನು, ಜಿಮ್ರಿ ಎಂಬವನು ಬಾಷನ ಮನೆತನವನ್ನು ಪೂರ್ತಿ ಅಳಿಸಿದ ದಾಖಲೆ ಇದೆ. ರಾಜ್ಯ ತನ್ನ ಕೈ ತಪ್ಪಿ ಗೆಳೆಯನಿಗೆ ಹೋಗುತ್ತದೆ ಎಂದು ಯೋನಾತಾನನಿಗೆ ಗೊತ್ತು. ಅವನಿಗೆ ಅದರ ಬಗ್ಗೆ ತಕರಾರಿಲ್ಲ. ಮಕ್ಕಳು ಉಳಿಯಬೇಕು, ಅಷ್ಟೆ.

ಇನ್ನೊಂದು ಸಂಗತಿ ಓದುತ್ತಾ ಕಣ್ಣಿಗೆ ಬಿತ್ತು. ಯೋನಾತಾನ ದಾವೀದನನ್ನು ಪ್ರೀತಿಸಿದ ಎಂದು ಕಥೆಗಾರ ಮತ್ತೆ ಮತ್ತೆ ಹೇಳುತ್ತಾನೆ. ದಾವೀದ ಯೋನಾತಾನನನ್ನು ಪ್ರೀತಿಸಿದ ಎಂದು ಅಷ್ಟು ನೇರವಾಗಿ ಎಲ್ಲೂ ಹೇಳುವುದಿಲ್ಲ. ಅಗಲುವಾಗ ಇಬ್ಬರೂ ಅಳುತ್ತಾರೆ, ದಾವೀದ ಹೆಚ್ಚು ಅಳುತ್ತಾನೆ. ಗೆಳೆಯ ಸತ್ತ ಮೇಲೆ ಅವನ ಪ್ರೀತಿ ಎಷ್ಟು ದೊಡ್ಡದಿತ್ತು ಎಂದು ಶೋಕಗೀತೆ ಹಾಡುತ್ತಾನೆ. ಒಬ್ಬ ಕೊಟ್ಟಷ್ಟು ಇನ್ನೊಬ್ಬ ಕೊಟ್ಟನೇ ಎಂಬ ಪ್ರಶ್ನೆಯನ್ನು ಕಥೆ ತೆರೆದೇ ಇಡುತ್ತದೆ. ಗೆಳೆತನದಲ್ಲಿ ಲೆಕ್ಕ ಸಮ ಇರುವುದು ಅಪರೂಪ. ನಮ್ಮಿಬ್ಬರಲ್ಲಿ ಹೆಚ್ಚು ಸಲ ಫೋನ್ ಮಾಡುತ್ತಿದ್ದವನು ಅವನು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಕೊನೆಯ ಭೇಟಿ ಕಾಡಿನಲ್ಲಿ. ತಲೆಮರೆಸಿಕೊಂಡಿದ್ದ ದಾವೀದನನ್ನು ಹುಡುಕಿಕೊಂಡು ಹೋಗಿ ಯೋನಾತಾನ ಧೈರ್ಯ ಹೇಳುತ್ತಾನೆ: ನೀನು ಅರಸನಾಗುವೆ, ನಾನು ನಿನ್ನ ಪಕ್ಕದಲ್ಲಿ ಎರಡನೆಯವನಾಗಿರುವೆ. ಆಮೇಲೆ ಮನೆಗೆ ಹಿಂದಿರುಗುತ್ತಾನೆ, ಅಂದರೆ ತಂದೆಯ ಬಳಿಗೆ. ಗಿಲ್ಬೋವ ಬೆಟ್ಟದ ಮೇಲೆ ಫಿಲಿಷ್ಟಿಯರ ವಿರುದ್ಧ ಸೌಲನ ಸೈನ್ಯ ಸೋತಾಗ ಅವನು ತಂದೆಯ ಜೊತೆಯೇ ಸಾಯುತ್ತಾನೆ. ಕನ್ನಡದ ಓದುಗರಿಗೆ ಇಲ್ಲಿ ಪಂಪನ ಕರ್ಣ ನೆನಪಾಗದೆ ಇರುವುದಿಲ್ಲ. ಕರ್ಣ ಗೆಳೆಯನಿಗಾಗಿ ರಕ್ತಸಂಬಂಧವನ್ನೂ ರಾಜ್ಯವನ್ನೂ ಬಿಟ್ಟ. ಯೋನಾತಾನ ಗೆಳೆಯನಿಗೆ ರಾಜ್ಯ ಬಿಟ್ಟುಕೊಟ್ಟ, ರಕ್ತಸಂಬಂಧ ಬಿಡಲಿಲ್ಲ. ಇಬ್ಬರೂ ಸೋಲುವ ಪಕ್ಷದಲ್ಲಿ ನಿಂತೇ ಸತ್ತರು.

ಆ ಸೋಲಿನ ಸುದ್ದಿ ಅರಮನೆಗೆ ಬಂದಾಗ ಯೋನಾತಾನನ ಮಗ ಮೆಫೀಬೋಶೆತನಿಗೆ ಐದು ವರ್ಷ. ಎತ್ತಿಕೊಂಡು ಓಡುತ್ತಿದ್ದ ದಾದಿಯ ಕೈಯಿಂದ ಬಿದ್ದು ಅವನ ಎರಡೂ ಕಾಲು ಹೋದವು. ಇದನ್ನು ಕಥೆಗಾರ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ದಾವೀದ ಹೆಬ್ರೋನಿನಲ್ಲಿ ಏಳೂವರೆ ವರ್ಷ ಆಳುತ್ತಾನೆ, ಯೆರೂಸಲೇಮನ್ನು ಗೆಲ್ಲುತ್ತಾನೆ. ಮಗುವಿನ ಸುದ್ದಿಯೇ ಇಲ್ಲ.

ಎರಡನೆಯ ಗ್ರಂಥದ 9ನೇ ಅಧ್ಯಾಯದಲ್ಲಿ ಒಂದು ದಿನ ದಾವೀದ ಕೇಳುತ್ತಾನೆ: ಸೌಲನ ಮನೆತನದಲ್ಲಿ ಯಾರಾದರೂ ಉಳಿದಿದ್ದಾರೆಯೇ? ಯೋನಾತಾನನ ಸಲುವಾಗಿ ನಾನು ಹೆಸೆದ್ ತೋರಿಸಬೇಕು. ಚೀಬ ಎಂಬ ಹಳೆಯ ಆಳು ಹೇಳುತ್ತಾನೆ, ಒಬ್ಬನಿದ್ದಾನೆ, ಕಾಲಿಲ್ಲದವನು, ಲೋದೆಬಾರದಲ್ಲಿ ಮಾಕೀರ ಎಂಬವನ ಮನೆಯಲ್ಲಿ. ಲೋದೆಬಾರ ಎಂಬ ಊರಿನ ಹೆಸರು ಹೀಬ್ರೂ ಬಲ್ಲವರ ಕಿವಿಗೆ 'ಏನೂ ಇಲ್ಲ', 'ಮಾತೇ ಇಲ್ಲ' ಎಂದು ಕೇಳಿಸುತ್ತದೆ. ಪ್ರವಾದಿ ಆಮೋಸನ ಗ್ರಂಥದಲ್ಲಿಯೂ ಈ ಶ್ಲೇಷೆ ಇದೆ. ಮೆಫೀಬೋಶೆತ ಬಂದು ಅಡ್ಡಬೀಳುತ್ತಾನೆ. ಕೊಲ್ಲಲು ಕರೆಸಿದ್ದಾರೆ ಎಂದೇ ಅವನು ತಿಳಿದಿರಬೇಕು, ದಾವೀದನ ಮೊದಲ ಮಾತು ಹೆದರಬೇಡ ಎಂಬುದು. ಅಜ್ಜ ಸೌಲನ ಹೊಲಗಳೆಲ್ಲ ಅವನಿಗೆ ವಾಪಸ್ಸು. ಚೀಬನೂ ಅವನ ಹದಿನೈದು ಮಕ್ಕಳೂ ಇಪ್ಪತ್ತು ಆಳುಗಳೂ ಅದನ್ನು ಉತ್ತು ಬಿತ್ತಬೇಕು. ಇವನು ರಾಜಕುಮಾರರ ಜೊತೆ ಅರಸನ ಪಂಕ್ತಿಯಲ್ಲೇ ಊಟ ಮಾಡಬೇಕು.

ಆ ಅಧ್ಯಾಯದ ಕೊನೆಯಲ್ಲಿ ಸಣ್ಣದೊಂದು ವಿವರ ಇದೆ. ಮೆಫೀಬೋಶೆತನಿಗೆ ಮೀಕ ಎಂಬ ಚಿಕ್ಕ ಮಗನಿದ್ದ. ಅಂದರೆ ಐದು ವರ್ಷದ ಹುಡುಗ ಅಪ್ಪನಾಗುವಷ್ಟು ಕಾಲ ಕಳೆದಿತ್ತು. ಹದಿನೈದು ವರ್ಷಕ್ಕೆ ಕಡಿಮೆಯಿಲ್ಲ ಅನ್ನಿ. ಅಷ್ಟು ಕಾಲ ದಾವೀದ ಕೇಳಿಯೇ ಇರಲಿಲ್ಲ! ಹೊಲದಲ್ಲಿ ನಿಂತು ಆಣೆಯಿಟ್ಟವನು, ಶೋಕಗೀತೆ ಕಟ್ಟಿದವನು. ಯುದ್ಧಗಳಿದ್ದವು, ಬಿಡುವಿರಲಿಲ್ಲ ಎನ್ನಬಹುದು. ಬಿಡುವಿರಲಿಲ್ಲ ಎಂಬ ಮಾತನ್ನು ನಾನು ಬಲ್ಲೆ.

ಅನುಮಾನದಿಂದ ನೋಡುವ ಇತಿಹಾಸಕಾರರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಹಳೆಯ ರಾಜವಂಶದ ಕುಡಿಯನ್ನು ಊಟದ ನೆಪದಲ್ಲಿ ಕಣ್ಣೆದುರೇ ಇಟ್ಟುಕೊಳ್ಳುವುದು ಜಾಣ ರಾಜಕೀಯ. ಮುಂದಿನದ್ದನ್ನೂ ಬೈಬಲ್ ಮುಚ್ಚಿಡುವುದಿಲ್ಲ. ಮಗ ಅಬ್ಷಾಲೋಮನ ದಂಗೆಯಲ್ಲಿ ದಾವೀದ ಓಡಿಹೋಗುವಾಗ, ಮೆಫೀಬೋಶೆತ ದ್ರೋಹ ಬಗೆದ ಎಂದು ಚೀಬ ಚಾಡಿ ಹೇಳುತ್ತಾನೆ. ದಾವೀದ ವಿಚಾರಿಸದೆ ಹೊಲವನ್ನೆಲ್ಲ ಚೀಬನಿಗೆ ಬರೆಯುತ್ತಾನೆ. ಮರಳಿ ಬಂದಾಗ ಮೆಫೀಬೋಶೆತ ಗಡ್ಡ ಕತ್ತರಿಸದೆ, ಬಟ್ಟೆ ಒಗೆಯದೆ ಎದುರು ಬಂದು ನಿಜ ಹೇಳಿದರೆ, ಇಬ್ಬರೂ ಅರ್ಧರ್ಧ ಹಂಚಿಕೊಳ್ಳಿ ಎನ್ನುತ್ತಾನೆ. ನ್ಯಾಯವೆಂದರೆ ಇದೇ? ಎಲ್ಲವನ್ನೂ ಅವನೇ ಇಟ್ಟುಕೊಳ್ಳಲಿ, ಅರಸ ಕ್ಷೇಮವಾಗಿ ಬಂದರೆ ಸಾಕು ಎಂದ ಮೆಫೀಬೋಶೆತನಲ್ಲಿ ಯೋನಾತಾನ ಕಾಣುತ್ತಾನೆ. ಇನ್ನೂ ಮುಂದೆ, ಗಿಬ್ಯೋನ್ಯರ ಹಳೆಯ ಸೇಡು ತೀರಿಸಲು ಸೌಲನ ವಂಶದ ಏಳು ಜನರನ್ನು ದಾವೀದ ಒಪ್ಪಿಸಿಬಿಡುತ್ತಾನೆ. ಆದರೆ ಯೋನಾತಾನನ ಮಗನನ್ನು ಮಾತ್ರ ಕೊಡುವುದಿಲ್ಲ. ತಮ್ಮಿಬ್ಬರ ನಡುವಿನ ಆಣೆಯೇ ಕಾರಣ ಎಂದು ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ.

ತಡವಾಗಿ, ಅರೆಬರೆಯಾಗಿ, ತಪ್ಪುಗಳ ನಡುವೆ. ಆದರೂ ಮಾತು ಉಳಿಯಿತು. ಬೈಬಲಿನಲ್ಲಿ ಗೆಳೆತನದ ಬಗ್ಗೆ ನಾನು ಕಂಡದ್ದು ಇದು. ಅದು ಭಾವನೆಯ ಎತ್ತರವನ್ನು ಅಳೆಯುವುದಿಲ್ಲ. ಮಾತು ಪಡೆದವನು ಸತ್ತ ಮೇಲೆ, ಕೇಳುವವರು ಯಾರೂ ಇಲ್ಲದಾಗ, ಉಳಿದವನು ಏನು ಮಾಡಿದ ಎಂದು ನೋಡುತ್ತದೆ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಯಹೂದಿಗಳ ಮಿಶ್ನಾ ಗ್ರಂಥ, ಕಾರಣವೊಂದನ್ನು ನೆಚ್ಚಿದ ಪ್ರೀತಿ ಕಾರಣದ ಜೊತೆಗೇ ಹೋಗುತ್ತದೆ, ನೆಚ್ಚದ್ದು ಹೋಗುವುದಿಲ್ಲ ಎಂದು ಹೇಳಿ, ಎರಡನೆಯದಕ್ಕೆ ಕೊಡುವ ಉದಾಹರಣೆ ದಾವೀದ ಮತ್ತು ಯೋನಾತಾನರದೇ.

ಮೊದಲ ವಾರದ ಗೆಳೆಯರಿಗೆ ಬೈಬಲಿನಲ್ಲೂ ಕೊರತೆಯಿಲ್ಲ. ಎಲ್ಲವನ್ನೂ ಕಳೆದುಕೊಂಡ ಯೋಬನ ಬಳಿ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತರು. ಆಮೇಲೆ ಬಾಯಿ ತೆರೆದು ಅವನದೇ ತಪ್ಪು ಎಂದು ವಾದಿಸತೊಡಗಿದರು. ನಾನೂ ಮೊದಲ ತಿಂಗಳು ಚೆನ್ನಾಗಿಯೇ ಕೂತಿದ್ದೆ. ಆಮೇಲಿನ ನನ್ನ ತಪ್ಪು ಮಾತಾಡಿದ್ದಲ್ಲ, ಮಾತೇ ನಿಲ್ಲಿಸಿದ್ದು. ಧಾರವಾಡ ನನ್ನ ಪಾಲಿಗೆ ಲೋದೆಬಾರವಾಗಿತ್ತು. ಗದಗಿಗೆ ವರ್ಷಕ್ಕೆರಡು ಸಲ ಅದೇ ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಬೈಪಾಸಿನಿಂದ ಹತ್ತೇ ನಿಮಿಷದ ದಾರಿ, ಒಮ್ಮೆಯೂ ಇಳಿಯಲಿಲ್ಲ.

9ನೇ ಅಧ್ಯಾಯ ಓದಿದ ರಾತ್ರಿಯೇ ಫೋನ್ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೂ ಎರಡು ತಿಂಗಳು ಹಿಡಿಯಿತು. ಏನು ಹೇಳಲಿ, ಇಷ್ಟು ದಿನ ಎಲ್ಲಿದ್ದಿರಿ ಎಂದರೆ ಏನು ಉತ್ತರಿಸಲಿ ಎಂಬ ಅಳುಕು. ಒಂದು ಭಾನುವಾರ ಮಾಡಿದೆ. ವೈನಿ ಎಲ್ಲಿದ್ದಿರಿ ಎಂದು ಕೇಳಲಿಲ್ಲ. "ಅಣ್ಣಾರ, ಆರಾಮರೀ? ಊಟ ಆತೇನ್ರೀ?" ಅಂದರು. ಮಗ ಪಿಯುಸಿಯಲ್ಲಿ ಸೈನ್ಸ್ ತಗೊಂಡಿದ್ದಾನಂತೆ, ಗಣಿತ ಕಠಿಣ ಅನ್ನುತ್ತಾನಂತೆ. ಫೋನು ಅವನ ಕೈಗೆ ಕೊಟ್ಟರು. ದನಿ ಒಡೆದಿತ್ತು. ಹಲೋ ಎಂಬಷ್ಟರಲ್ಲಿ ಹಾಸ್ಟೆಲಿನ ರೂಮು ಕಣ್ಣೆದುರು ಬಂತು, ಅಷ್ಟು ಅಪ್ಪನದೇ ದನಿ.

ಈಗ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಡಿಯೋ ಕಾಲ್‌ನಲ್ಲಿ ಅವನಿಗೆ ಗಣಿತ ಹೇಳಿಕೊಡುತ್ತೇನೆ. ಕಲನಶಾಸ್ತ್ರ ನನಗೇ ಅರ್ಧ ಮರೆತಿದೆ, ಶನಿವಾರ ರಾತ್ರಿ ಕೂತು ಓದಬೇಕಾಗುತ್ತದೆ. ಕಳೆದ ವಾರ ಲೆಕ್ಕದ ನಡುವೆ ಅವನು ಕೇಳಿದ, "ಕಾಕಾ, ಅಪ್ಪ ಗಣಿತದಾಗ ಹೆಂಗಿದ್ದ?"

"ನನಗಿಂತ ಶಾಣ್ಯಾ ಇದ್ದ," ಅಂದೆ. "ನನಗ ಹೇಳಿಕೊಟ್ಟಾಂವ ಅವನ."